ಕಮಲಾಪುರದ ಸಾರಿಸಿದ ನೆಲ

ಒತ್ತೆಯಾಳು ಬಿಡಿಸೂ ತರಬೇತಿಗೆ ನಮ್ಮ ಪೊಲೀಸ್ ದಳ ಕಲಬುರಗಿಯಿಂದ ಕಮಲಾಪುರಕ್ಕ ಹೋಗಿತ್ತು. ತರಬೇತಿಗಂತ ತನ್ನ ಮನಿ ಕೊಟ್ಟಾಕಿ ಒಬ್ಬ ವಯಸ್ಸಾದ ಆಯಿ, ಆಟದಾಗ ಒತ್ತೆಯಾಳೂ ಆಕೀನ. ನಮ್ಮ ಸಾಹೇಬ್ರೇ ಅಪಹರಣಕಾರ. ಖಾಲಿ ಪಿಸ್ತೂಲು ಹಿಡಕೊಂಡು ಆಕೀ ಪಕ್ಕ ನಿಂತಿದ್ರು.

ಬಾಗಿಲು ದೂಡಿ ನುಗ್ಗಿದಿವಿ.

"ಏ, ಮುಂಜಾನೇನ ನೆಲ ಸಾರಿಸೀನಿ! ಬೂಟ್ ಬಿಚ್ರಿ ಎಲ್ಲಾರೂ!" ಅಂತ ಆಯಿ ಒದರಿದಳು.

ಬಂದೂಕು ಗೋಡೆಗೆ ಆನಿಸಿ ಎಲ್ಲಾರೂ ಬೂಟ್ ಬಿಚ್ಚಿದಿವಿ. ನನ್ನ ಹರಕ ಕಾಲುಚೀಲದಾಗಿಂದ ಹೆಬ್ಬೆರಳು ಇಣುಕಿತು. ಸಾಹೇಬ್ರು ಬೈತಾರಂತ ಅಂಜಿ ನೋಡಿದರ, ಅವರೂ ಪಿಸ್ತೂಲು ಕೆಳಗಿಟ್ಟು ಲೇಸು ಬಿಚ್ಚಾಕತ್ತಿದ್ರು.

"ನನ್ನ ಪಿಸ್ತೂಲು ಕೆಳಗ ಇಡಿಸಿದ್ದು ಆಯಿ ಮಾತು, ನಿಮ್ಮ ಬಂದೂಕಲ್ಲ," ಅಂತ ಸಾಹೇಬ್ರು ನಕ್ಕರು. "ನಾಳಿಂದ ಮೊದಲು ಮಾತಾಡೂದು ಕಲೀರಿ. ಬಾಗಿಲು ದೂಡೂದು ಆಮ್ಯಾಲೆ."

ಮುಂದ ಕಪನೂರದಾಗ ಖರೇನ ಒಬ್ಬಾವ ಹೆಂಡ್ತಿ ಮಕ್ಕಳನ್ನ ಕೂಡಿಹಾಕಿ ಚಾಕು ಹಿಡಿದು ಕುಂತಾಗ, ಮಾತಾಡಿಸಿ ಮಾತಾಡಿಸಿನ ಎಲ್ಲಾರನ್ನೂ ಹೊರಗ ಕರಕೊಂಡು ಬಂದಿವಿ. ಆ ಕೆಲಸಕ್ಕ ಹೊರಡೂ ಮೊದಲು ನಾ ಮಾತ್ರ ಹೊಸ ಕಾಲುಚೀಲ ಹಾಕ್ಕೊಂಡಿದ್ದೆ. ಆ ಮನ್ಯಾಗೂ ಒಬ್ಬ ಆಯಿ ಇದ್ದರ?