ಹಸಿರು ಬಟ್ಟೆಯಡಿಯ ಹಿಡಿತ

ಆಪರೇಷನ್‌ಗೆ ಬಂದವರಿಗೆ ಅರಿವಳಿಕೆ ಕೊಡುವ ಡಾಕ್ಟರು ನಾನು. ದೆವ್ವ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ, ‘ಮೊದಲು ಜ್ವರ ಇದೆಯಾ ನೋಡಿಕೊಳ್ಳಿ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಅನ್ನಲು ಧೈರ್ಯ ಸಾಲದು. ನೀವು ನಂಬಲೇಬೇಕೆಂಬ ಹಠವೇನೂ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೆ. ವಿಜಯಪುರದಿಂದ ಬಂದು, ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದ ಬಸವರಾಜ ಎಂಬ ಯುವಕ ದಾಖಲಾದ. ವಾರಗಟ್ಟಲೆ ಜ್ವರವಿದ್ದರೂ ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡೇ ಶಿಫ್ಟ್ ಮುಗಿಸಿದ್ದ. ಅಷ್ಟರಲ್ಲಿ ಸೋಂಕು ಹೃದಯದ ಕವಾಟವನ್ನೇ ತಿಂದುಹಾಕಿತ್ತು. ಅಲ್ಲಿಂದ ಕಿತ್ತುಬಂದ ಚೂರೊಂದು ಮಿದುಳಿಗೆ ಹೋಗಿ ಬಲಗೈ ಪೂರ್ತಿ ಸ್ವಾಧೀನ ತಪ್ಪಿತ್ತು. ಆಪರೇಷನ್ ಮಾಡದಿದ್ದರೆ ಉಳಿಯುವುದಿಲ್ಲ, ಮಾಡಿದರೂ ಖಾತ್ರಿಯಿಲ್ಲ. ಅವನ ಹೆಂಡತಿ ಶಿವಲೀಲಾ ಥಿಯೇಟರಿನ ಬಾಗಿಲಲ್ಲಿ ನನ್ನನ್ನು ಅಡ್ಡಗಟ್ಟಿ, “ಮೇಡಂ, ನಮ್ಮ ಮನಿಯವರನ್ನ ಹೊಳ್ಳಿ ಕೊಡ್ರಿ. ನನಗ ಬ್ಯಾರೆ ಯಾರೂ ಇಲ್ರಿ,” ಅಂದಳು. “ಅವರ ತಲೆ ಹತ್ರಾನೇ ಇರ್ತೀನಿ ಕಣಮ್ಮಾ,” ಎಂದಷ್ಟೇ ಹೇಳಿದೆ.

ಗರಗಸದಿಂದ ಎದೆ ಸೀಳುವುದು ನೋಡುವವರಿಗೆ ಕಟುಕರ ಕೆಲಸವೇ. ಹೃದಯ ನಿಲ್ಲಿಸಿ, ರಕ್ತ ಓಡಿಸುವ ಹೊಣೆ ಪಂಪಿಗೆ ಬಿಟ್ಟು, ಕೊಳೆತ ಕವಾಟ ಕತ್ತರಿಸಿ ಹೊಸದನ್ನು ಹೊಲಿದರು. ಮಧ್ಯಾಹ್ನದ ಹೊತ್ತಿಗೆ ಹೃದಯ ಮತ್ತೆ ಬಡಿಯಿತು, ಪಂಪು ನಿಂತಿತು. ಬಿಪಿ ಮಾತ್ರ ಏರಲೊಲ್ಲದು. ಇಂಥ ಸೋಂಕಿನಲ್ಲಿ ರಕ್ತನಾಳ ಸಡಿಲವಾಗುವುದು ಮಾಮೂಲು ಎಂದುಕೊಂಡು ಔಷಧಿ ಏರಿಸಿದೆ. ಸರ್ಜನ್ ಸೀಳಿದ ಎದೆ ಮುಚ್ಚಿ ಬಿಗಿಯಲು ತಂತಿ ಕೇಳಿದರು. ನಾಳ ಸಡಿಲವಾದರೆ ಕೈಗೆ ರಕ್ತ ಹೆಚ್ಚು ಹರಿಯುತ್ತದೆ, ಕೈ ಬೆಚ್ಚಗಿದ್ದರೆ ನನ್ನ ಊಹೆ ಸರಿ. ಹಾಗಾಗಿ ಹೃದಯದ ಸ್ಕ್ಯಾನ್ ತೋರಿಸುವ ಪರದೆಗೆ ಬೆನ್ನು ಹಾಕಿ, ಹಸಿರು ಬಟ್ಟೆಯಡಿ ಅವನ ಬಲಗೈ ಮುಟ್ಟಲು ಹೋದೆ.

ಆ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

ಮೆಲ್ಲಗಲ್ಲ. ಮೂಳೆ ಮುರಿಯುವ ಹಾಗೆ ಹಿಡಿದು, ತಿರುಚಿ, ಎಳೆದುಹಾಕಿತು. ಭುಜ ಟೇಬಲ್ಲಿಗೆ ಬಡಿದು, ನನ್ನ ಮುಖ ಪರದೆಯತ್ತ ತಿರುಗಿತು. ಹೊಸ ಕವಾಟದ ಪಕ್ಕ, ಕೀವು ತಿಂದ ಹೃದಯದ ಗೋಡೆಯೊಳಗಿಂದ ರಕ್ತ ನುಗ್ಗುತ್ತಿತ್ತು. “ಸಾರ್, ಮುಚ್ಬೇಡಿ! ಪಕ್ಕದಲ್ಲಿ ಒಡೀತಿದೆ!” ಎಂದು ಕಿರುಚಿದೆ. “ಏನ್ರೀ ಹೇಳ್ತಿದೀರಾ!” ಎಂದು ಸರ್ಜನ್ ತಂತಿ ಬಿಸಾಕಿದ್ದೂ, ಗೋಡೆ ಸಿಡಿದು ರಕ್ತ ಮೇಲಿನ ದೀಪಕ್ಕೆ ಚಿಮ್ಮಿದ್ದೂ ಒಟ್ಟಿಗೇ. ಎದೆ ತೆರೆದೇ ಇದ್ದದ್ದರಿಂದ ಅವರ ಬೆರಳು ಸೀದಾ ತೂತಿನ ಮೇಲೆ ಹೋಯಿತು. ಮತ್ತೆ ಪಂಪು, ಬೈಗುಳ, ಕಾಲಡಿಯೆಲ್ಲ ರಕ್ತ. ಬಸವರಾಜ ಉಳಿದ.

ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಇಳಿದಿತ್ತೇ ಎಂದು ಅದನ್ನು ಅಳೆಯುವ ಮಿಷನ್ ನೋಡಿದೆ, ಇಳಿದಿರಲಿಲ್ಲ. ಬಟ್ಟೆ ಸರಿಸಿದರೆ ಆ ಕೈ ನಾವು ಮೈಗೆ ಬಿಗಿದು ಸುತ್ತಿದ್ದ ಹಾಗೆಯೇ ಇತ್ತು. ಗಡಿಬಿಡಿಯಲ್ಲಿ ಎಲ್ಲೋ ತಾಗಿಸಿಕೊಂಡಿದ್ದೀರಿ ಎಂದರು ಜೊತೆಯವರು. ಅನ್ನಲಿ. ಮಣಿಕಟ್ಟಿನ ಮೇಲೆ ಮೂಡಿದ ಬೆರಳಿನ ಗುರುತು ಎಣಿಸಲು ನನಗೆ ಬರುತ್ತದೆ.

ವಾರ್ಡಿಗೆ ಬಂದ ಮೇಲೆ ಅವನ ಬಲಗೈಯಲ್ಲಿ ನನ್ನ ಕೈಯಿಟ್ಟು, “ಎಲ್ಲಿ, ಒಂಚೂರು ಒತ್ತಿ ನೋಡೋಣ,” ಅಂದೆ. ಹಲ್ಲು ಕಚ್ಚಿದ, ಬೆವತ. ಒಂದು ಬೆರಳೂ ಅಲುಗಲಿಲ್ಲ. ಶಿವಲೀಲಾಳ ಕಣ್ಣು ಮಾತ್ರ ನನ್ನ ಮಣಿಕಟ್ಟಿನ ಮೇಲಿತ್ತು.

“ಅಯ್ಯ, ಯಾರ್ರಿ ಮೇಡಂ ನಿಮ್ಮ ಕೈ ಹಿಂಗ ತಿರುವಿದವರು?”

“ಗೊತ್ತಿಲ್ಲಮ್ಮಾ,” ಅಂದೆ. ಸುಳ್ಳು ಹೇಳಲಿಲ್ಲ.