ದಿಬ್ಬದ ಮೇಲೆ ಮುಳ್ಳು ನೋಡಿದವರು

ವಾಹನ ದುರಸ್ತಿ ಕಲಿಸುವವರಲ್ಲಿ ಬಿಡಿಭಾಗ ಬದಲಾಯಿಸಲು ಕಲಿಸುವವರು ಹಲವರು. ಬದಲಾಯಿಸುವ ಮೊದಲು ಅಳೆದು ನೋಡಲು ಕಲಿಸುವವರು ಕೆಲವರೇ. ಈ ತಿಂಗಳು ನಮ್ಮ ತರಬೇತಿ ಸಂಸ್ಥೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಬೋಧಕಿ ಆ ಕೆಲವರಲ್ಲಿ ಮೊದಲಿಗರು. ಪೆಟ್ರೋಲಿನ ಒತ್ತಡ ಅಳೆಯುವ ಗೇಜನ್ನು ಎತ್ತಿ ಹಿಡಿದು "ಬಾಯಿ ಮುಚ್ಚಿ, ಮುಳ್ಳು ನೋಡಿ" ಎಂದು ಗದರುತ್ತಿದ್ದ ಅವರನ್ನು ವಿದ್ಯಾರ್ಥಿಗಳು ಮುಳ್ಳು ಮೇಡಂ ಎಂದೇ ಕರೆದರು. ಅದು ಕಿವಿಗೆ ಬಿದ್ದಾಗ ಅವರು, ಪುಣ್ಯಕ್ಕೆ ಪಂಕ್ಚರ್ ಮೇಡಂ ಅನ್ನಲಿಲ್ಲವಲ್ಲ ಎಂದು ನಕ್ಕಿದ್ದರು.

ಅದೇ ಸಂಸ್ಥೆಯಲ್ಲಿ ಭಾಷೆ ಕಲಿಸುತ್ತಿದ್ದ ನನ್ನನ್ನು ಈ ಅಭಿನಂದನಾ ಸಂಪುಟಕ್ಕೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಸನ್ಮಾನ ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಆಮೇಲೆ ಬೀಳ್ಕೊಡುಗೆ ಸಮಾರಂಭದ ಆಮಂತ್ರಣ ಪತ್ರಿಕೆ ಕೈಸೇರಿತು. 'ಸ್ವಇಚ್ಛೆಯಿಂದ ಉಗ್ರಾಣದ ಹೊಣೆ ಹೊತ್ತ ಸಹನಾಮೂರ್ತಿ' ಎಂದು ಅದರಲ್ಲಿ ಅಚ್ಚಾಗಿದೆ. ನಾನು ಬೇಗ ಸಿಟ್ಟಾಗುವವಳಲ್ಲ. ಆದರೆ ಸುಳ್ಳಿಗೆ ಚಿನ್ನದ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದನ್ನು ನೋಡಿಕೊಂಡು ಸುಮ್ಮನಿರಲಾರೆ.

ಅವರು ಸೇವೆಗೆ ಸೇರಿದಾಗ ಕಾರ್ಯಾಗಾರದಲ್ಲಿ ಹುಡುಗಿಯರ ಪಾಲಿಗೆ ಇದ್ದದ್ದು ಪೊರಕೆ ಮತ್ತು ಎಣ್ಣೆ ಒರೆಸುವ ಬಟ್ಟೆ ಮಾತ್ರ. ಮೊದಲ ದಿನವೇ ಪೊರಕೆಯನ್ನು ಎಲ್ಲರ ಕೈಗೂ ಸರದಿಯಂತೆ ಕೊಟ್ಟರು, ಬಾನೆಟ್ಟಿನ ಮುಂದಿನ ಜಾಗವನ್ನೂ ಹಾಗೆಯೇ ಹಂಚಿದರು. ಗಂಡಸರ ಅಳತೆಯ ಮೇಲಂಗಿಯಲ್ಲಿ ಮುಳುಗಿಹೋಗುತ್ತಿದ್ದ ಹುಡುಗಿಯರ ಅಂಗಿಯ ತೋಳುಗಳನ್ನು ಅವರೇ ಮಡಚಿ ಪಿನ್ನು ಹಾಕುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಸಂಸ್ಥೆಗೆ ಒಂದು ಹಳೆಯ ಕಾರಿತ್ತು. ಅದನ್ನು ಓಡಿಸುತ್ತಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕೆಲಸ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಒಮ್ಮೆ ಆ ಕಾರಿನ ಪೆಟ್ರೋಲ್ ಪಂಪು ಕೆಟ್ಟಿತು. ಕಾರ್ಯಾಗಾರದ ಮುಖ್ಯಸ್ಥರು ತಾವೇ ಹೊಸ ಪಂಪು ಹಾಕಿದರು. ಕೆಲವು ವಾರಗಳಲ್ಲಿ ಕಾರು ಸಂಸ್ಥೆಯ ಹಿಂದಿನ ದಿಬ್ಬದಲ್ಲಿ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮುಗ್ಗರಿಸುತ್ತಿತ್ತು. ಮುಖ್ಯಸ್ಥರು ಅಂಗಳದಲ್ಲಿ ಇಂಜಿನ್ ಚಾಲೂ ಮಾಡಿ ಒತ್ತಡ ಅಳೆದರು. ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಯಾರದು? ಅಣ್ಣ ಪೆಟ್ರೋಲ್ ಕದ್ದು ಕಲಬೆರಕೆ ತುಂಬುತ್ತಾರೆ ಎಂದು ತೀರ್ಮಾನವಾಯಿತು. ಕೆಲಸದಿಂದ ತೆಗೆಯುವ ಮಾತು ಪ್ರಾಂಶುಪಾಲರ ಕೋಣೆಯವರೆಗೂ ಹೋಯಿತು.

"ಗಾಡಿ ಸರಿಯಾಗೇ ಇದೆ. ಓಡಿಸೋನು ಸರಿ ಇಲ್ಲ" ಎಂದರು ಮುಖ್ಯಸ್ಥರು.

"ಅಂಗಳದಲ್ಲಿ ಎಲ್ಲಾ ಗಾಡಿನೂ ಸಾಧುಗಳೇ ಸರ್. ದಿಬ್ಬ ಹತ್ತಿಸಿ ನೋಡೋಣ" ಎಂದರು ಮೇಡಂ.

ಗೇಜಿನ ಉದ್ದನೆಯ ಕೊಳವೆಯನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು, ಗೇಜನ್ನು ಮುಂದಿನ ಗಾಜಿನ ಹೊರಗೆ ಟೇಪಿನಿಂದ ಅಂಟಿಸಿದರು. ಕಾರಿಗೆ ಭಾರ ಬೇಕಿತ್ತು. ಹಿಂದಿನ ಸೀಟಿಗೆ ತೋಟದ ಮಾಲಿ, ದಪ್ಪನೆಯ ಗುಮಾಸ್ತರು ಮತ್ತು ನಾನು. ನಿಮ್ಮನ್ನು ಆರಿಸಿದ್ದು ವಿದ್ವತ್ತು ನೋಡಿಯಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ನಗಿಸಿದ ಮೇಡಂ, ನನ್ನ ನೋಯುವ ಮಂಡಿಯ ಕೆಳಗೆ ತಮ್ಮ ಸ್ವೆಟರನ್ನು ಮಡಚಿಟ್ಟರು. ದಿಬ್ಬದ ನಡುವೆ ಕಾರು ಮುಗ್ಗರಿಸಿದಾಗ ಅಣ್ಣ ಆಕ್ಸಿಲರೇಟರಿನಿಂದ ಕಾಲು ಎತ್ತಲು ಹೋದರು. ಗಾಜಿನಾಚೆ ಮುಳ್ಳು ಸರ್ರನೆ ಇಳಿಯುತ್ತಿತ್ತು.

"ಅಣ್ಣಾ, ಕಾಲು ತೆಗೀಬೇಡಿ. ತಪ್ಪು ನಿಮ್ಮ ಕಾಲಲ್ಲಿಲ್ಲ" ಎಂದರು ಪಕ್ಕದ ಸೀಟಿನಲ್ಲಿದ್ದ ಮೇಡಂ.

ಫಿಲ್ಟರು ಶುದ್ಧವಾಗಿತ್ತು, ಪಂಪಿಗೆ ಕರೆಂಟು ಸರಿಯಾಗಿ ಬರುತ್ತಿತ್ತು. ಟ್ಯಾಂಕು ಬಿಚ್ಚಿದಾಗ ಕಳ್ಳ ಸಿಕ್ಕಿದ. ಪಂಪಿನ ಬಾಯಿಗೆ ಸೇರಿಸಿದ್ದ ಗೇಣುದ್ದದ ರಬ್ಬರ್ ಕೊಳವೆ ಊದಿಕೊಂಡು ಸೀಳಿತ್ತು. ಅದು ಟ್ಯಾಂಕಿನ ಹೊರಗೆ ಬಳಸುವ ಕೊಳವೆ. ಪೆಟ್ರೋಲಿನಲ್ಲಿ ಮುಳುಗಿಯೇ ಇರಲು ಬೇರೆ ಬಗೆಯದೇ ಬೇಕು. ಸೋರಿದ್ದು ಟ್ಯಾಂಕಿನೊಳಕ್ಕೇ ಬೀಳುತ್ತಿದ್ದುದರಿಂದ ನೆಲದ ಮೇಲೆ ಹನಿಯಿಲ್ಲ, ಗಾಳಿಯಲ್ಲಿ ವಾಸನೆಯಿಲ್ಲ. ಅಂಗಳದಲ್ಲಿ ಇಂಜಿನ್ನು ಕೇಳುವಷ್ಟನ್ನು ಪಂಪು ಹೇಗೋ ಪೂರೈಸುತ್ತಿತ್ತು. ದಿಬ್ಬದಲ್ಲಿ ಇಂಜಿನ್ನು ಹೆಚ್ಚು ಕೇಳಿದಾಗ ಸಾಲುತ್ತಿರಲಿಲ್ಲ.

ಆ ಕೊಳವೆ ಹಾಕಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೇಡಂ ಮೊದಲು ಮುಖ್ಯಸ್ಥರ ಕೋಣೆಗೆ ಒಬ್ಬರೇ ಹೋದರು. ಯಾರ ಕೈಯಲ್ಲೂ ಆಗಬಹುದಾದ ತಪ್ಪು, ನೀವೇ ಹೇಳಿಬಿಡಿ ಎಂದರಂತೆ. ಈ ದಾಕ್ಷಿಣ್ಯಕ್ಕೆ ಸಿಕ್ಕ ಉತ್ತರ ಏನು ಗೊತ್ತೇ? ಮಾರನೆಯ ದಿನ ಮುಖ್ಯಸ್ಥರು, ಚಾಲಕನ ಕಲಬೆರಕೆ ಪೆಟ್ರೋಲಿನಿಂದಲೇ ಕೊಳವೆ ಹಾಳಾಯಿತು ಎಂದು ಪ್ರಾಂಶುಪಾಲರಿಗೆ ಹೇಳಿದರು. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಮೇಡಂ ಕೂಗಾಡಲಿಲ್ಲ. ಮುಖ್ಯಸ್ಥರು ಕತ್ತರಿಸಿಕೊಂಡಿದ್ದ ಸುರುಳಿಯಲ್ಲಿ ಉಳಿದಿದ್ದ ಕೊಳವೆಯ ತುಂಡೊಂದನ್ನೂ ಸರಿಯಾದ ಬಗೆಯ ತುಂಡೊಂದನ್ನೂ ಎರಡು ಗಾಜಿನ ಬಾಟಲಿಗಳಲ್ಲಿ ಹಾಕಿ, ಪ್ರಾಂಶುಪಾಲರ ಕಣ್ಣೆದುರೇ ತರಿಸಿದ ಶುದ್ಧ ಪೆಟ್ರೋಲ್ ತುಂಬಿ, ಬಿರಡೆ ಬಿಗಿದು, ಅವರದೇ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಕೆಲವು ದಿನಗಳ ಮೇಲೆ ತೆಗೆದಾಗ ಒಂದು ಇದ್ದಂತೆಯೇ ಇತ್ತು. ಇನ್ನೊಂದು ನೆನೆದ ರೊಟ್ಟಿಯಂತಾಗಿತ್ತು. ಅಣ್ಣನ ಕೆಲಸ ಉಳಿಯಿತು.

ಮುಂದಿನ ತಿಂಗಳೇ ಮೇಡಂ ಉಗ್ರಾಣಕ್ಕೆ ವರ್ಗವಾದರು. ವಿದ್ಯಾರ್ಥಿಗಳ ಕೈಗೆ ಗೇಜು ಕೊಡಬೇಕಾದವರಿಗೆ ಸ್ಪ್ಯಾನರ್ ಹಂಚುವ ಕೆಲಸ! ಇದನ್ನೇ ಈಗ ಸ್ವಇಚ್ಛೆ ಎನ್ನುತ್ತಿದ್ದಾರೆ. ಉಗ್ರಾಣದ ಕಿಟಕಿಯ ಹಿಂದೆ ಅವರು ಸಹಿಸಿಕೊಂಡು ಕೂರಲಿಲ್ಲ, ಪಾಠ ಮಾಡಿದರು. ಹೊಸ ಪಂಪು ಕೇಳಲು ಬಂದವರನ್ನು, ದಿಬ್ಬದ ಮೇಲೆ ಮುಳ್ಳು ಎಲ್ಲಿತ್ತು ಎಂದು ಕೇಳುತ್ತಿದ್ದರು. ಅಳೆಯದೆ ಬಂದವರು ಅಳೆಯಲೆಂದು ಬರಿಗೈಲಿ ಮರಳುತ್ತಿದ್ದರು. ಎಷ್ಟೋ ಸಲ ಪಂಪೇ ಬೇಡವೆಂದು ತಿಳಿದು ನಗುತ್ತ ಬರುತ್ತಿದ್ದರು.

ಹಳೆಯ ಕೆಸರನ್ನು ಯಾಕೆ ಕೆದಕುತ್ತೀರಿ ಎಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ. ಕೆಸರು ಎರಚಿದವರಿಗೆ ಅದು ಹಳೆಯದು, ಮೈಮೇಲೆ ಬಿದ್ದವರಿಗಲ್ಲ. ಆಮಂತ್ರಣದ 'ಸ್ವಇಚ್ಛೆ' ಎಂಬ ಪದವನ್ನು ಈ ಸಂಪುಟದಲ್ಲಾದರೂ ತಿದ್ದಲಿ, ಅತಿಥಿ ಬೋಧಕಿಯಾಗಿ ಅವರನ್ನು ಮತ್ತೆ ಕಾರ್ಯಾಗಾರಕ್ಕೆ ಕರೆಯಲಿ. ಅದಕ್ಕಿಂತ ದೊಡ್ಡ ಸನ್ಮಾನ ಅವರಿಗೆ ಬೇಕಿಲ್ಲ.

ಅವರಿಗೆ ತುಂಬು ಆಯುಸ್ಸು, ಗಟ್ಟಿ ಮಂಡಿ, ಮುಳ್ಳು ಕಾಣುವಷ್ಟು ಕಣ್ಣಿನ ಬೆಳಕು ಇರಲಿ. ಸಮಾರಂಭದ ದಿನ ಅವರನ್ನು ಕರೆತರುವುದು ಈಗ ಕಾಯಂ ಚಾಲಕರಾಗಿರುವ ಅಣ್ಣನೇ, ಅದೇ ಹಳೆಯ ಕಾರಿನಲ್ಲೇ. ಸಭಾಂಗಣಕ್ಕೆ ಸಮತಟ್ಟಾದ ದಾರಿಯಿದೆಯಲ್ಲ ಎಂದು ಅಣ್ಣನಿಗೆ ಹೇಳಿದೆ.

"ಇದೆ ಮೇಡಂ," ಎಂದರು ಅಣ್ಣ. "ನಾವು ದಿಬ್ಬದ ಮೇಲೇ ಬರ್ತೀವಿ."