ದೊಡ್ಡಪ್ಪನ ತಲೆ ಅಲುಗದ ದಿನ

ನಿನ್ನೆ ಅರಸೀಕೆರೆ ಬಸ್ಸಿನಲ್ಲಿ ಯಾರದೋ ಚೀಲದಿಂದ ಒಣಕೊಬ್ಬರಿಯ ಘಮ ಬಂತು. ನಾನೊಬ್ಬನೇ ನಕ್ಕೆ. ಪಕ್ಕದವರು ಕಿಟಕಿ ಕಡೆ ಸರಿದರು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ನಮ್ಮ ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ಒಣಗಿದ ಕಾಯನ್ನು ಒಡೆಯದೆ, ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಕೊಬ್ಬರಿಯ ಯೋಗ್ಯತೆ ಹೇಳುವವರು. ಎಡಗಿವಿ ಮಂದ, ಹಾಗಾಗಿ ಎಲ್ಲೇ ಸದ್ದಾದರೂ ಬಲಗಿವಿ ಆ ಕಡೆ ವಾಲುತ್ತದೆ. ಮದುವೆಮನೆಯ ಡೋಲಿಗೂ ವಾಲಿದ್ದುಂಟು. ನಾನೂ ಹಾಗೇ ತಲೆ ವಾಲಿಸಿ ಕಾಯಿ ಆರಿಸಿ, ದೊಡ್ಡಮ್ಮನಿಗೆ ಕೊಳೆತದ್ದನ್ನೇ ತಂದುಕೊಟ್ಟು ಹೆಸರುವಾಸಿಯಾದವನು.

ದೊಡ್ಡಪ್ಪನ ತಲೆಯೊಳಗೊಂದು ಗಡ್ಡೆ ಇದೆಯೆಂದು ಹೋದ ವರ್ಷ ಗೊತ್ತಾಯಿತು. ಹಾಸನದ ಡಾಕ್ಟರು ಸದ್ಯಕ್ಕೆ ಆಪರೇಷನ್ ಬೇಡ, ಕೆಲವು ತಿಂಗಳು ಬಿಟ್ಟು ಮತ್ತೆ ಎಂಆರ್‌ಐ ಮಾಡಿ ಅಳೆಯೋಣ ಎಂದರು. ಬರೀ ಚಿತ್ರ ನೋಡಿ ಅಂದಾಜು ಹೇಳುವುದಲ್ಲವಂತೆ. ಗಡ್ಡೆ ಎಷ್ಟು ದಪ್ಪ, ಅದರೊಳಗೆ ನೀರು ಎಷ್ಟು ಸಲೀಸಾಗಿ ಓಡಾಡುತ್ತದೆ, ರಕ್ತ ಎಷ್ಟು ಹರಿಯುತ್ತದೆ ಎಂದೆಲ್ಲ ಅಳೆದು, ಅದು ಸಾಧುವೋ ಕೇಡಿಯೋ, ಬೆಳೆಯುತ್ತಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾರಂತೆ. ಬೆಳೆದಿದ್ದರೆ ತಲೆ ತೆರೆಯಲೇಬೇಕು.

“ಒಡೀದಂಗೆ ಒಳಗಿಂದು ಹೇಳೋದಾ? ನಮ್ ಕಸುಬೇ ಕಣ್ಲಾ,” ಎಂದು ದೊಡ್ಡಪ್ಪ ಖುಷಿಪಟ್ಟರು. ಅಳೆಯುವ ದಿನ ಮೂವರೂ ಹೊರಟಾಗ ದೊಡ್ಡಮ್ಮ ಹಾಸನದವರೆಗೂ ಸೆರಗಿನ ತುದಿ ತಿರುಚುತ್ತಿದ್ದರು. ನನಗೂ ಭಯವಾಗಿತ್ತು.

ಒಳಗೆ ಮಲಗಿಸಿದ್ದೇ ಯಂತ್ರ ಟಕ್ ಟಕ್ ಎಂದು ಕುಟ್ಟತೊಡಗಿತು. ದೊಡ್ಡಪ್ಪನ ತಲೆ ವಾಲಿತು. ಚಿತ್ರ ಕಲಸಿಹೋಯಿತು. ಟೆಕ್ನಿಷಿಯನ್ನು ಅಲುಗಬೇಡಿ ಎಂದು ಬೇಡಿಕೊಂಡು ಕಿವಿಗೆ ಇನ್ನಷ್ಟು ಹತ್ತಿ ತುರುಕಿದ. ಸದ್ದು ಸಣ್ಣದಾದಷ್ಟೂ ಇವರು ಹೆಚ್ಚು ವಾಲಿದರು. ದೇವರನ್ನು ನೆನೆಯಿರಿ ಎಂದು ನಾನು ಸಲಹೆ ಕೊಟ್ಟೆ. ನೆನೆದವರು ತಲೆಬಾಗಿ ನಮಸ್ಕಾರವನ್ನೂ ಮಾಡಿದರು. ಇದರಲ್ಲಿ ಏನೂ ಅಳೆಯೋಕಾಗಲ್ಲ, ಇನ್ನೊಂದು ದಿನ ಬನ್ನಿ ಎಂದ ಅವನು.

ಇನ್ನೊಂದು ದಿನ ಕಾಯುವ ಶಕ್ತಿ ದೊಡ್ಡಮ್ಮನಿಗಿರಲಿಲ್ಲ. ಹೊರಬಂದ ಗಂಡನನ್ನು ಬಾಗಿಲಲ್ಲೇ ತಡೆದರು.

“ನೋಡ್ರೀ, ಇವತ್ತು ವ್ಯಾಪಾರ ಮಾಡ್ತಿರೋದು ಆ ಮಿಷನ್ನು. ನೀವು ಕಾಯಿ ಕಣ್ರೀ. ಕಾಯಿ ಎಲ್ಲಾದ್ರೂ ತಾನೇ ತಲೆ ಆಡಿಸ್ತೈತಾ?”

ದೊಡ್ಡಪ್ಪ ಯೋಚಿಸಿದರು. ನ್ಯಾಯವೆನಿಸಿರಬೇಕು. ಟೆಕ್ನಿಷಿಯನ್ನನ್ನು ಒಪ್ಪಿಸಿ ಮತ್ತೆ ಒಳಗೆ ಹೋಗಿ, ಅಟ್ಟದ ಮೇಲಿನ ಕಾಯಿಯ ಹಾಗೆ ಬಿದ್ದುಕೊಂಡರು.

ಗಡ್ಡೆ ಬೆಳೆದಿಲ್ಲ, ಅಳತೆಯೆಲ್ಲ ಹಿಂದಿನಷ್ಟೇ ಎಂದರು ಡಾಕ್ಟರು. ನಾನು ಆಗಲೇ ಹೇಳಿರಲಿಲ್ಲವಾ ಎಂದು ದೊಡ್ಡಪ್ಪ ಬೀಗಿದರು. ಅವರು ಏನೂ ಹೇಳಿರಲಿಲ್ಲ. ದೊಡ್ಡಮ್ಮ ಗೋಡೆಗೆ ಮುಖ ಮಾಡಿಕೊಂಡು ಅತ್ತರು.

ನಿನ್ನೆ ಬಸ್ಸಿಳಿದು ನೇರ ಅವರ ಮನೆಗೇ ಹೋದೆ. ಮತ್ತೆ ಅಳೆಯುವ ದಿನ ಹತ್ತಿರ ಬಂದಿತ್ತು. ದೊಡ್ಡಪ್ಪ ನಡುಮನೆಯಲ್ಲಿ ಅಂಗಾತ ಮಲಗಿ ಅಭ್ಯಾಸ ಮಾಡುತ್ತಿದ್ದರು. ದೊಡ್ಡಮ್ಮ ತಲೆಯ ಹತ್ತಿರ ಕೂತು ಸೌಟಿನಿಂದ ತಟ್ಟೆ ಕುಟ್ಟುತ್ತಿದ್ದರು. ಬಸ್ಸಿನಲ್ಲಿ ಬಂದ ನಗು ಇಲ್ಲಿ ಬರಲಿಲ್ಲ. ದೊಡ್ಡಮ್ಮ ಕುಟ್ಟುವ ಸದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಸೌಟು ಇಸಕೊಂಡು ನಾನು ಕುಟ್ಟತೊಡಗಿದೆ.

ತಲೆ ಒಂದಿಷ್ಟೂ ಅಲುಗಿಸದೆ ದೊಡ್ಡಪ್ಪ ಹೇಳಿದರು: “ಜೋರಾಗಿ ಕುಟ್ಲಾ. ಮಿಷನ್ನು ನಿಮ್ಮಂಗೆ ಹೆದರ್ಕಂಡು ಕುಟ್ಟಲ್ಲ.”